ಪ್ಲಾಸ್ಟರಿಂಗ್‌ಗೆ ಮೊದಲೇ ಕೇಬಲ್ ಪೈಪ್ ಎಳೆದೆವು: ಸೋಲಾರ್, ಎಲೆಕ್ಟ್ರಿಕ್ ವಾಹನ (ಇ.ವಿ.) ಚಾರ್ಜಿಂಗ್ ಇರುವ ಅಪಾರ್ಟ್‌ಮೆಂಟಿನ ನನ್ನ ಅನುಭವ

ಡಿಸೆಂಬರ್ 21, ಬೆಳಿಗ್ಗೆ ಒಂಬತ್ತು ಗಂಟೆ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಕಟ್ಟುತ್ತಿದ್ದ 48 ಮನೆಗಳ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ನಾನೂ ನನ್ನ ಜೊತೆ ಕೆಲಸ ಮಾಡುವ ಹುಡುಗನೂ ನಿಂತಿದ್ದೆವು. ಕೈಯಲ್ಲಿ ಹತ್ತು ಅಡಿಯ ಸರ್ವೆ ಮರದ ಗಳ, ಒಂದು ಡಬ್ಬಿ ಚಾಕ್‌ಪೀಸ್. ಪ್ಲಾನಿನಲ್ಲಿ ನೀರಿನ ಟ್ಯಾಂಕ್ ಎಲ್ಲಿ ಬರಬೇಕಿತ್ತೋ ಅಲ್ಲೇ ಗಳ ನಿಲ್ಲಿಸಿದೆವು. ನೆರಳಿನ ತುದಿಗೆ ಚಾಕ್‌ನಲ್ಲಿ ಗೆರೆ ಎಳೆದು ಟೇಪ್ ಹಿಡಿದರೆ ಹೆಚ್ಚುಕಡಿಮೆ 18 ಅಡಿ. ಮಧ್ಯಾಹ್ನದ ಹೊತ್ತಿಗೆ ಅದು ಏಳೂವರೆ ಅಡಿಗೆ ಇಳಿದಿತ್ತು. ಸಂಜೆ ತನಕ ಗಂಟೆಗೊಂದು ಗೆರೆ ಎಳೆದೆವು.

ಟ್ಯಾಂಕ್ ಟೆರೇಸಿನ ದಕ್ಷಿಣದ ಮೂಲೆಯಲ್ಲಿ ಬರುವುದಿತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತೆ. ಅಂದ್ರೆ ನಾವು ಸೋಲಾರ್ ಪ್ಯಾನೆಲ್ ಕೂರಿಸಬೇಕಿದ್ದ ಜಾಗದ ಮೇಲೇ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಆ ಇಡೀ ಸಾಲಿನ ಉತ್ಪಾದನೆ ಇಳಿದುಬಿಡಬಹುದು. ಜೂನ್‌ನಲ್ಲಿ ಇದು ಉಲ್ಟಾ. ಆಗ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆದರೆ ಅಷ್ಟು ಎತ್ತರದಲ್ಲಿರುವುದರಿಂದ ಹತ್ತು ಅಡಿ ಟ್ಯಾಂಕಿನ ನೆರಳು ಎರಡು ಅಡಿಯೂ ಬರಲ್ಲ. ಹಾಗಾಗಿ ಟ್ಯಾಂಕ್ ಉತ್ತರಕ್ಕೆ ಹೋದರೆ ವರ್ಷಪೂರ್ತಿ ಲಾಭ.

ಬಿಲ್ಡರ್‌ನ ಮೇಲಕ್ಕೆ ಕರೆಸಿ ಗೆರೆಗಳನ್ನು ತೋರಿಸಿದೆ. "ಇಷ್ಟು ದೂರ ಬರುತ್ತಾ ಸಾರ್?" ಅಂದರು. ಡ್ರಾಯಿಂಗ್ ಇಟ್ಟುಕೊಂಡು ಎರಡು ವಾರ ಹೇಳಿದ್ದು ತಲೆಗೆ ಹೋಗಿರಲಿಲ್ಲ, ಚಾಕ್‌ಪೀಸ್ ಗೆರೆ ಹತ್ತು ನಿಮಿಷದಲ್ಲಿ ಒಪ್ಪಿಸಿತು. ಸ್ಟ್ರಕ್ಚರಲ್ ಎಂಜಿನಿಯರ್ ಮತ್ತೆ ಲೆಕ್ಕ ಹಾಕಿ ಟ್ಯಾಂಕನ್ನು ಉತ್ತರಕ್ಕೆ ಸರಿಸಿಕೊಟ್ಟರು.

ನಾನು ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಕಟ್ಟಡ ಏಳುವಾಗಲೇ ಇದನ್ನೆಲ್ಲ ಮಾಡಬೇಕು ಅಂತ ಹಠ ಹಿಡಿಯೋಕೆ ಕಾರಣ ಇದೆ. ಇದಕ್ಕೆ ಮೊದಲು ಒಂದು ಹಳೆಯ ಅಪಾರ್ಟ್‌ಮೆಂಟಿಗೆ ಚಾರ್ಜಿಂಗ್ ಪಾಯಿಂಟ್ ಹಾಕಿಕೊಡಲು ಹೋಗಿದ್ದೆ. ಅಲ್ಲಿ ಒಬ್ಬರು ಕಾರಿಡಾರಿನ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದು ರಾತ್ರಿಯಿಡೀ ಕಾರು ಚಾರ್ಜ್ ಮಾಡುತ್ತಿದ್ದರು. ಒಂದು ರಾತ್ರಿ ಪ್ಲಗ್ ಕರಗಿಹೋಯಿತು. ವಾಸನೆ ಹಿಡಿದು ಸೆಕ್ಯುರಿಟಿಯವರು ಮೇನ್ ಆಫ್ ಮಾಡಿದ್ದರಿಂದ ಬಚಾವು. ಆ ಪ್ಲಗ್ಗನ್ನು ನಾನು ಇಸ್ಕೊಂಡು ಬಂದೆ. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿದೆ. ಕಾರು 15 ಆಂಪ್ಸ್ ಹತ್ತಿರ ಎಳೆಯುತ್ತೆ, ಅದೂ ಏಳೆಂಟು ಗಂಟೆ ಬಿಡದೆ. ಇಸ್ತ್ರಿಪೆಟ್ಟಿಗೆಗೆ ಸಾಕಾಗುವ ಬೋರ್ಡು ಇದಕ್ಕೆ ಸಾಕಾಗಲ್ಲ.

ಮರುದಿನದ ಮೀಟಿಂಗ್‌ನಲ್ಲಿ ಬೆಂಕಿಗಿಂತ ಜಾಸ್ತಿ ಚರ್ಚೆಯಾಗಿದ್ದು ದುಡ್ಡಿನ ಬಗ್ಗೆ. "ನಮ್ಮ ಮೇಂಟೆನೆನ್ಸ್ ದುಡ್ಡಲ್ಲಿ ಅವರ ಕಾರು ಓಡಬೇಕಾ?" ಅಂತ ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಮೀಟರ್ ರೂಮಿನಿಂದ ಪಾರ್ಕಿಂಗ್‌ಗೆ ಕೇಬಲ್ ಎಳೆಯೋಣ ಅಂದರೆ ಅಡ್ಡಕ್ಕೆ ಬೀಮ್. ಬೀಮ್ ಕೊರೆಯುವ ಹಾಗಿಲ್ಲ. ಸುತ್ತು ಹಾಕಿ ಬಂದರೆ ಖರ್ಚು ಎರಡು ಪಟ್ಟು. ಕೊನೆಗೆ ನಾಲ್ಕೇ ಮನೆಗೆ ಪಾಯಿಂಟ್ ಕೊಟ್ಟು ಕೈ ತೊಳೆದುಕೊಂಡೆವು. ಅದು ಇವತ್ತಿಗೂ ನನ್ನ ಮನಸ್ಸಿಗೆ ಸರಿ ಅನ್ನಿಸಿಲ್ಲ.

ಹೊಸ ಕಟ್ಟಡದಲ್ಲಿ ಬಿಲ್ಡರ್ 10 ಪಾಯಿಂಟ್ ಸಾಕು ಅಂದರು. ಅವರ ಲೆಕ್ಕಕ್ಕೆ ಆಧಾರ ಇತ್ತು. ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಕಟ್ಟಡ ಬೈಲಾ ತಿದ್ದಿದಾಗ ಪಾರ್ಕಿಂಗ್‌ನ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಎಂದಿತ್ತು. ಆದರೆ ಆ 10 ಯಾರಿಗೆ? ಮೊದಲು ಮನೆ ಕೊಂಡವರಿಗಾ? ನಾಳೆ 11ನೆಯವರು ಬಂದಾಗ ಮತ್ತೆ ಅದೇ ಎಕ್ಸ್‌ಟೆನ್ಷನ್ ಬೋರ್ಡು, ಅದೇ ಜಗಳ. 48 ಮನೆಯ ಪಾರ್ಕಿಂಗಿಗೂ ಕೇಬಲ್ ಎಳೆಯಲು ಪೈಪ್ ಬಿಡೋಣ, ಚಾರ್ಜರ್ ಬೇಕಾದವರು ಬೇಕಾದಾಗ ಹಾಕಿಸಿಕೊಳ್ಳಲಿ ಅಂದೆ.

"ಅಷ್ಟು ಲೋಡ್ ಎಲ್ಲಿಂದ ತರೋದು?" ಇದು ಎಲ್ಲರೂ ಕೇಳುವ ಪ್ರಶ್ನೆ. 48 ಕಾರು, ಒಂದಕ್ಕೆ 3.3 ಕಿಲೋವ್ಯಾಟ್, ಒಟ್ಟು 158 ಕಿಲೋವ್ಯಾಟ್. ಕೇಳಿದರೆ ಎದೆ ಧಸಕ್ ಅನ್ನುತ್ತೆ ಅಲ್ವಾ? ಆದರೆ ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಬೇಕಾಗುವುದು ಆರು ಯೂನಿಟ್ ಆಸುಪಾಸು. 48 ಕಾರಿಗೆ 288 ಯೂನಿಟ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂಟು ಗಂಟೆಗೆ ಹಂಚಿದರೆ 36 ಕಿಲೋವ್ಯಾಟ್. ಸರದಿ ಪ್ರಕಾರ ಕರೆಂಟ್ ಹಂಚುವ ಲೋಡ್ ಮ್ಯಾನೇಜ್‌ಮೆಂಟ್ ಇದ್ದರೆ ಆಯಿತು. ನಾವು 40 ಕಿಲೋವ್ಯಾಟ್‌ಗೆ ಒಂದು ಇ.ವಿ. ಪ್ಯಾನೆಲ್ ಬೋರ್ಡ್ ಮಾಡಿದೆವು. ಪ್ರತಿ ಪಾಯಿಂಟಿಗೂ ಸಬ್ ಮೀಟರ್ ಇದೆ. ಬಳಸಿದ ಯೂನಿಟ್‌ಗೆ ಅವರವರೇ ಅಸೋಸಿಯೇಷನ್‌ಗೆ ಕಟ್ಟುತ್ತಾರೆ. ಪ್ರತಿ ಪಾಯಿಂಟಿಗೆ ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಆರ್.ಸಿ.ಸಿ.ಬಿ. ಸ್ವಿಚ್, ಇಡೀ ಬೋರ್ಡಿಗೆ ಬೇರೆ ಅರ್ಥಿಂಗ್ ಗುಂಡಿ (ಅರ್ಥ್ ಪಿಟ್), ಬೇಸ್‌ಮೆಂಟಿಗೆ ಇಳಿಯದೆ ಮೇಲಿಂದಲೇ ಆಫ್ ಮಾಡಲು ಒಂದು ಸ್ವಿಚ್. ಈ ಮೂರರಲ್ಲಿ ಯಾವುದನ್ನೂ ಬಿಡಬೇಡಿ.

ಟೆರೇಸ್ ಮೇಲೆ 30 ಕಿಲೋವ್ಯಾಟ್ ಸೋಲಾರ್ ಬಂತು. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತೆ. ಲಿಫ್ಟ್, ಬೋರ್‌ವೆಲ್ ಮೋಟಾರ್, ಕೊಳಚೆ ನೀರು ಶುದ್ಧ ಮಾಡುವ ಎಸ್.ಟಿ.ಪಿ., ಇ.ವಿ. ಬೋರ್ಡ್ ಎಲ್ಲವೂ ಇರುವ ಕಾಮನ್ ಮೀಟರಿಗೇ ಇದನ್ನು ನೆಟ್ ಮೀಟರಿಂಗ್‌ನಲ್ಲಿ (ಮಿಕ್ಕ ಕರೆಂಟ್ ಹೊರಗಿನ ಲೈನಿಗೆ ಹೋಗಿ ಬಿಲ್ಲಿನಲ್ಲಿ ಕಳೆಯುತ್ತೆ) ಸೇರಿಸಿದ್ದೇವೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಅಸೋಸಿಯೇಷನ್‌ಗಳ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ, ಇ.ವಿ. ಚಾರ್ಜಿಂಗ್‌ ಕೂಡ ಅದರಲ್ಲಿ ಸೇರುತ್ತೆ.

ಹಳೆಯ ಅಪಾರ್ಟ್‌ಮೆಂಟಿನಲ್ಲಿ ಸೋಲಾರ್ ಬೇಡವೇ ಬೇಡ ಅಂದವರು ಹೆಂಗಸರು. ಟೆರೇಸ್ ತುಂಬ ಪ್ಯಾನೆಲ್ ಇಟ್ಟರೆ ಬಟ್ಟೆ ಎಲ್ಲಿ ಒಣಗಿಸೋದು, ಸಂಡಿಗೆ ಎಲ್ಲಿ ಇಡೋದು? ಅವರ ಮಾತು ನೂರಕ್ಕೆ ನೂರು ಸರಿ. ಟೆರೇಸ್ ಅಂದ್ರೆ ಬರೀ ಖಾಲಿ ಜಾಗ ಅಲ್ಲ. ಇಲ್ಲಿ ಸ್ಟ್ರಕ್ಚರನ್ನು ಒಂಬತ್ತು ಅಡಿ ಎತ್ತರಕ್ಕೆ ಏರಿಸಿದೆವು. ಕಬ್ಬಿಣ ಜಾಸ್ತಿ ಹಿಡಿಯಿತು, ಗಾಳಿಗೆ ಅಂತ ಫೌಂಡೇಷನ್ ಬೋಲ್ಟ್ ದಪ್ಪ ಮಾಡಬೇಕಾಯಿತು. ಈಗ ಪ್ಯಾನೆಲ್ ಕೆಳಗೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಪಕ್ಕದ ಬಿಸಿಲಲ್ಲಿ ಏಪ್ರಿಲ್ ಪೂರ್ತಿ ಅರಳು ಸಂಡಿಗೆ, ಹಪ್ಪಳ.

ಎರಡು ವಿಷಯ ಮೊದಲೇ ಹೇಳಿಬಿಡಬೇಕಿತ್ತು. ಕರೆಂಟ್ ಹೋದಾಗ ಹೀಗೆ ಹೊರಗಿನ ಲೈನಿಗೆ ಸೇರಿಸಿದ ಸೋಲಾರ್ ಕೂಡ ನಿಂತುಹೋಗುತ್ತೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ. ಮೊದಲ ಪವರ್ ಕಟ್‌ಗೆ ನನಗೆ ಹನ್ನೊಂದು ಫೋನ್ ಬಂತು.

ಇನ್ನೊಂದು, ತೊಳೆಯುವ ನೀರು. ಬೋರ್‌ವೆಲ್ ನೀರಲ್ಲಿ ತೊಳೆದು ತೊಳೆದು ಮೂರೇ ತಿಂಗಳಲ್ಲಿ ಗಾಜಿನ ಮೇಲೆ ಬಿಳಿ ಉಪ್ಪಿನ ಕಲೆ ಕೂತಿತ್ತು. ಈಗ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್‌ನ ನೀರು ಬಿಡುತ್ತೇವೆ. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಹಾಕಬಾರದು.

ಸದ್ಯಕ್ಕೆ 14 ಕಾರು, 20ಕ್ಕೂ ಜಾಸ್ತಿ ಸ್ಕೂಟರ್ ಚಾರ್ಜ್ ಆಗುತ್ತಿವೆ. ಮನೆಯಿಂದಲೇ ಕೆಲಸ ಮಾಡುವವರ ಹತ್ತಿರ ಒಂದು ವಿನಂತಿ ಇಟ್ಟಿದ್ದೇನೆ: ರಾತ್ರಿ ಬದಲು ಬೆಳಿಗ್ಗೆ 11ರಿಂದ 3ರೊಳಗೆ ಪ್ಲಗ್ ಹಾಕಿ ಅಂತ. ರಾತ್ರಿಯ ಸರದಿಯಲ್ಲಿ ಬೇರೆಯವರಿಗೆ ಜಾಗ ಸಿಗುತ್ತೆ. ಜೊತೆಗೆ ಮೇಲೆ ಹುಟ್ಟಿದ ಕರೆಂಟು ಅಲ್ಲಿಂದಲ್ಲಿಗೇ ಕೆಳಗೆ ಖರ್ಚಾಗುತ್ತೆ. ಆರು ಮನೆಯವರು ಒಪ್ಪಿಕೊಂಡಿದ್ದಾರೆ. ಎಸ್.ಟಿ.ಪಿ.ಗೆ ಗಾಳಿ ಊದುವ ಬ್ಲೋವರ್‌ನ ಟೈಮರನ್ನೂ ಹಗಲಿಗೆ ತಿರುಗಿಸಬಹುದಾ ಅಂತ ಆಪರೇಟರ್ ಜೊತೆ ಮಾತಾಡುತ್ತಿದ್ದೇನೆ.