ಹೊಸ ಕೋವಿಗೆ ಮೊದಲ ಮಳೆಗಾಲ: ಪಳಗಿಸುವುದು ಹೇಗೆ, ಕಾಪಾಡುವುದು ಹೇಗೆ?

ಕೊಡಗಿನ ಕೋವಿಗಳು ಸವೆಯುವ ಮೊದಲೇ ತುಕ್ಕು ಹಿಡಿಯುತ್ತವೆ. ಸುಗ್ಗಿಯ ಹಬ್ಬ ಪುತ್ತರಿಗೆ ಒಂದೆರಡು ಗುಂಡು, ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಹೊತ್ತಿನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ನಾಲ್ಕಾರು, ಮನೆಯಲ್ಲಿ ಹುಟ್ಟು ಸಾವು ಆದರೆ ಇನ್ನೊಂದಿಷ್ಟು. ಉಳಿದಂತೆ ವರ್ಷವಿಡೀ ಬೀರುವಿನೊಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಲ್ಲಿ ಕಬ್ಬಿಣದ ಗತಿ ಏನು? ಹಾಗಾಗಿ ಹೊಸ 12 ಬೋರ್ ಜೋಡು ನಳಿಗೆ ಕೋವಿ ಕೊಂಡವರು ಮಳೆ ಶುರುವಾಗುವ ಮೊದಲೇ ಕೆಲವು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಕಾಗದಪತ್ರ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ, ಅಂದರೆ 2029ರ ತನಕ ಮುಂದುವರಿಸಿದೆ. ವಿನಾಯಿತಿ ಇರಲಿ, ಲೈಸೆನ್ಸ್ ಇರಲಿ, ಕಾಗದದಲ್ಲಿರುವ ನಂಬರೂ ಕೋವಿಯ ಮೇಲಿನ ನಂಬರೂ ಒಂದೇನಾ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಮನೆಗೆ ತಂದ ಮೇಲೆ ಕೋವಿಯನ್ನು ಹಿಂಜ್‌ನಲ್ಲಿ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಇದೆಯಾ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಪ್ರತಿ ಸಲ ಕೈಗೆತ್ತಿಕೊಂಡಾಗಲೂ ಇದೇ ಮೊದಲ ಕೆಲಸ. ಕಾರ್ಖಾನೆಯಿಂದ ಬಂದ ಕೋವಿಗೆ ತುಕ್ಕು ಹಿಡಿಯದಿರಲೆಂದು ದಪ್ಪ ಎಣ್ಣೆ ಬಳಿದಿರುತ್ತಾರೆ. ಅದು ಸಾಗಾಟಕ್ಕೆ ಹಾಕಿದ್ದು, ಗುಂಡು ಹೊಡೆಯುವುದಕ್ಕಲ್ಲ. ನಳಿಗೆ, ಮುಂದಿನ ಮರದ ತುಂಡು, ಹಿಡಿ ಎಂದು ಮೂರು ಭಾಗ ಬಿಚ್ಚಿ, ಒಣಬಟ್ಟೆಯಲ್ಲಿ ಅದನ್ನೆಲ್ಲ ಒರೆಸಿ ತೆಗೆಯಿರಿ. ಟ್ರಿಗರ್ ಒಳಗಿನ ಸ್ಕ್ರೂಗಳಿಗೆ ಮಾತ್ರ ಕೈ ಹಾಕಬೇಡಿ. ಆ ಸ್ಕ್ರೂ ಕಚ್ಚುಗಳು ಸಣ್ಣವು, ಮನೆಯ ಸ್ಕ್ರೂಡ್ರೈವರ್‌ಗೆ ಹಾಳಾಗುತ್ತವೆ.

ಹೊಸ ಜೋಡು ನಳಿಗೆ ಬಿಗಿಯಾಗಿಯೇ ಇರುತ್ತದೆ. ಗಾಬರಿ ಬೇಡ. ಮುಚ್ಚಿದಾಗ, ಕೋವಿ ತೆರೆಯಲು ತಳ್ಳುವ ಮೇಲಿನ ಲಿವರ್ ನಡುಗೆರೆಗೆ ಬರದೆ ಬಲಕ್ಕೆ ಸ್ವಲ್ಪ ವಾಲಿ ನಿಲ್ಲುತ್ತದೆ. ಬಳಸುತ್ತಾ ಬಂದಂತೆ, ವರ್ಷಗಳ ಮೇಲೆ, ಅದು ನಡುವಿಗೆ ಸರಿಯುತ್ತದೆ. ಹಳೇ ಕೋವಿ ಕೊಳ್ಳುವವರು ಮೊದಲು ನೋಡುವುದೂ ಇದನ್ನೇ. ಲಿವರ್ ನಡು ದಾಟಿ ಎಡಕ್ಕೆ ಹೋಗಿದ್ದರೆ ಬೀಗ ಸವೆದಿದೆ ಎಂದರ್ಥ. ಬಿಗಿ ಸಡಿಲವಾಗಲಿ ಅಂತ ಕೋವಿಯನ್ನು ಫಟ್ ಎಂದು ಹೊಡೆದು ಮುಚ್ಚುವುದು ಸಿನಿಮಾದವರ ಚಾಳಿ. ಹಿಂಜ್‌ಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ, ನಿಧಾನವಾಗಿ ತೆರೆದು ಮುಚ್ಚಿ. ಖಾಲಿ ನಳಿಗೆಯಲ್ಲಿ ಟ್ರಿಗರ್ ಎಳೆದು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಎಳೆದರೆ ತೋಟೆಗೆ ಬಡಿಯುವ ಸೂಜಿ ಮುರಿಯಬಹುದು. ಮದ್ದಿಲ್ಲದ ಡಮ್ಮಿ ತೋಟೆ ಹಾಕಿಯೇ ಎಳೆಯಿರಿ.

ಮೊದಲ ಗುಂಡುಗಳು ಕಾನೂನಿನ ಅನುಮತಿ ಇರುವ ರೇಂಜ್‌ನಲ್ಲಿ, ಕಾಗದದ ಮೇಲೆ. ನಳಿಗೆಯ ಮೇಲೆ ಕೊರೆದಿರುವ ತೋಟೆಯ ಅಳತೆ, 65 ಅಥವಾ 70 ಮಿಲಿಮೀಟರ್, ಓದಿಕೊಂಡು ಅದಕ್ಕೆ ಹೊಂದುವ ತೋಟೆಯನ್ನೇ ಹಾಕಿ. ಉದ್ದದ ತೋಟೆ ಗಿಡ್ಡ ಜಾಗಕ್ಕೂ ಸುಮ್ನೆ ಒಳಗೆ ಹೋಗಿಬಿಡುತ್ತದೆ. ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ದೊಡ್ಡದೊಂದು ಹಾಳೆ ಕಟ್ಟಿ 40 ಗಜ ದೂರದಿಂದ ಒಂದೊಂದೇ ನಳಿಗೆ ಹೊಡೆಯಿರಿ. ಅತಿ ಜಾಸ್ತಿ ಚಿಲ್ಲು (ತೋಟೆಯೊಳಗಿನ ಸಣ್ಣ ಗುಂಡು) ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ಎಣಿಸಿ. ನಳಿಗೆಯ ಬಾಯಿಯ ಹತ್ತಿರ ಒಳಗೆ ಕಿರಿದಾಗಿರುವುದೇ ಚೋಕ್. ಹೆಚ್ಚು ಕಿರಿದಾದ ಫುಲ್ ಚೋಕ್‌ನಲ್ಲಿ ನೂರಕ್ಕೆ ಸುಮಾರು 70 ಚಿಲ್ಲು ವೃತ್ತದೊಳಗೆ ಇರಬೇಕು, ಅದಕ್ಕಿಂತ ಕಡಿಮೆ ಕಿರಿದಾದ ಮಾಡಿಫೈಡ್‌ನಲ್ಲಿ 60. ಎರಡು ಟ್ರಿಗರ್ ಇರುವ ಅಕ್ಕಪಕ್ಕದ ನಳಿಗೆಯಲ್ಲಿ ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಯದು. ಅದರಲ್ಲಿ ಚಿಲ್ಲು ಜಾಸ್ತಿ ಹರಡುತ್ತದೆ. ಒಂಟಿ ಗುಂಡಿನ ತೋಟೆ ಹಾಕುವ ಯೋಚನೆ ಇದ್ದರೆ, ಆ ಚೋಕ್‌ಗೆ ಅದು ನಡೆಯುತ್ತದಾ ಎಂದು ಮೊದಲೇ ಕೇಳಿ.

ಅಮೆರಿಕದಲ್ಲಿರುವ ನೆಂಟರು, ಹೊಡೆದಾಗ ಮುಂದಿನ ತೋಟೆ ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಕೊಂಡಿದ್ದರೆ ಅವರ ಕೆಲಸ ಸ್ವಲ್ಪ ಬೇರೆ. ಹೊಸದರಲ್ಲಿ ಹಗುರ ತೋಟೆಗೆ ಕೋವಿ ತಡವರಿಸುವುದುಂಟು. ಮೊದಲು ಕೈಪಿಡಿ ಒಪ್ಪುವ ಭಾರದ ತೋಟೆ ಒಂದಷ್ಟು ಹೊಡೆದರೆ ಸ್ಪ್ರಿಂಗ್ ಪಳಗುತ್ತದೆ. ಗ್ಯಾಸ್‌ನಿಂದ ಓಡುವ ಮಾದರಿಯಾದರೆ ಪಿಸ್ಟನ್ನಿನ ಮೇಲಿನ ಮಸಿ ತೆಗೆಯುತ್ತಿರಬೇಕು. ಅಲ್ಲಿ ಎಣ್ಣೆ ಸುರಿದರೆ ಮಸಿ ಅಂಟಾಗಿ ಕಚ್ಚಿಕೊಳ್ಳುತ್ತದೆ.

ಹೊಡೆದ ದಿನವೇ ಕೋವಿ ಒರೆಸಿ. ತೋಟೆ ತುಂಬುವ ಕಡೆಯಿಂದ ಬಾಯಿಯ ಕಡೆಗೆ ರಾಡ್ ಹಾಕಿ: ಮೊದಲು ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಹಚ್ಚಿದ ಬಟ್ಟೆ, ಐದಾರು ನಿಮಿಷ ಬಿಟ್ಟು ಕಂಚಿನ ಬ್ರಷ್, ಆಮೇಲೆ ಒಣಬಟ್ಟೆ ಬೆಳ್ಳಗೆ ಬರುವ ತನಕ. ಕೊನೆಗೆ ಕೋವಿ ಎಣ್ಣೆ ಸವರಿದ ಒಂದೇ ಬಟ್ಟೆ. ಬೆಳಕಿಗೆ ಹಿಡಿದಾಗ ಒಳಗೆ ಬೂದು ಗೆರೆ ಕಂಡರೆ ಅದು ಪ್ಲಾಸ್ಟಿಕ್ ಅಥವಾ ಸೀಸ, ಇನ್ನೊಂದು ಸುತ್ತು ಉಜ್ಜಬೇಕು. ಆಮೇಲೆ ಕೈ ಸೋಪು ಹಚ್ಚಿ ತೊಳೆಯಿರಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮಡಿಕೇರಿಯ ಚಳಿಯಲ್ಲಿ ಬಾಟಲಿಯೊಳಗೇ ಗಟ್ಟಿಯಾಗುವ ಎಣ್ಣೆ ಸ್ಪ್ರಿಂಗ್ ಸಂದಿಯಲ್ಲಿ ಏನು ಮಾಡೀತು?

ಎಣ್ಣೆ ಜಾಸ್ತಿಯಾದರೂ ಕಷ್ಟ. ಕೋವಿಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಇಳಿದು ಮರದೊಳಗೆ ಸೇರಿ, ಮರ ಕಪ್ಪಗೆ ಮೆತ್ತಗಾಗುತ್ತದೆ. ಒರೆಸಿದ ರಾತ್ರಿ ಬಾಯಿ ಕೆಳಗೆ ಮಾಡಿ ಇಟ್ಟರೆ ಹೆಚ್ಚಿನದು ಇಳಿದುಹೋಗುತ್ತದೆ.

ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಕೋವಿ ಬಿಡಬೇಡಿ, ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಬೀಗ ಹಾಕಿದ ಬೀರುವಿನಲ್ಲಿ, ಹೊರಗೋಡೆಗೆ ತಾಗದಂತೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ವಾರಕ್ಕೊಮ್ಮೆ ತೆರೆದು ಎಣ್ಣೆಬಟ್ಟೆಯಲ್ಲಿ ಒರೆಸಿ. ಬೆರಳಿನ ಬೆವರಿನ ಉಪ್ಪು ಸಾಕು, ಮರುದಿನಕ್ಕೆ ಕಂದು ಗುರುತು ಮೂಡಲು. ತೋಟೆಗಳು ಬೇರೆ ಕಪಾಟಿನಲ್ಲಿ, ಅದಕ್ಕೂ ಬೀಗ. ಊದಿದ, ಹಸಿರುಗಟ್ಟಿದ ತೋಟೆಯನ್ನು ಬಳಸದೆ ಡೀಲರ್ ಹತ್ತಿರ ಕೇಳಿ.

ಇನ್ನು ಸೆಪ್ಟೆಂಬರ್‌ನ ಕೈಲ್‌ಪೊಳ್ದ್. ಪೂಜೆಗೆ ಹಚ್ಚಿದ ಗಂಧ, ಕುಂಕುಮದಲ್ಲಿ ನೀರಿರುತ್ತದೆ, ಸಂಜೆಯೊಳಗೆ ಒರೆಸಿಬಿಡಿ. ನಳಿಗೆಯ ಬಾಯಿಗೆ ತೋಕ್ ಪೂ (ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ಹೂವು) ಸಿಕ್ಕಿಸಿದ್ದರೆ ತೆಗೆಯುವುದು ಮಾತ್ರ ಸಾಲದು. ತೊಟ್ಟು ಮುರಿದು ಒಳಗೆ ಉಳಿದಿರಬಹುದು. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿ. ಕಣಜ ಕಟ್ಟಿದ ಮಣ್ಣು, ಒರೆಸುವಾಗ ಸಿಕ್ಕಿಕೊಂಡ ಬಟ್ಟೆ, ಏನೇ ಅಡ್ಡ ಇದ್ದರೂ ಗುಂಡು ಹಾರಿದಾಗ ನಳಿಗೆಯೇ ಸಿಡಿಯಬಹುದು. ಸ್ಪರ್ಧೆಯ ಮೈದಾನಕ್ಕೆ ಹೊರಡುವ ಮೊದಲು ಮನೆಯಲ್ಲೊಮ್ಮೆ, ಅಲ್ಲಿ ತೋಟೆ ತುಂಬುವ ಮೊದಲು ಇನ್ನೊಮ್ಮೆ ನೋಡಿ.