ಬೇಸಿಗೆಯ ಕಡಲತೀರದಲ್ಲಿ ದಿನವೂ ಹಕ್ಕಿ ನೋಡುವ ಬಗೆ

ಕಡಲತೀರದಲ್ಲಿ ದಿನವೂ ಹಕ್ಕಿ ನೋಡಬೇಕೆಂದು ನಿಶ್ಚಯಿಸಿದವರು ಗಡಿಯಾರ ನೋಡುವುದಕ್ಕೆ ಮೊದಲು ಉಬ್ಬರವಿಳಿತದ ಪಟ್ಟಿಯನ್ನು ನೋಡುವುದನ್ನು ರೂಢಿಸಿಕೊಳ್ಳಬೇಕು. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಹೀಗಾಗಿ ಇಂದು ಬೆಳಿಗ್ಗೆ 6 ಗಂಟೆಗೆ ತುಂಬಿದ ನೀರು ನಾಳೆ 6.50ರ ಸುಮಾರಿಗೆ ತುಂಬುತ್ತದೆ; ಒಂದು ವಾರ ಕಳೆಯುವಷ್ಟರಲ್ಲಿ ಅದೇ ಬೆಳಗಿನ ಹೊತ್ತಿಗೆ ನೀರು ಪೂರ್ತಿ ಇಳಿದು ಕೆಸರಿನ ಬಯಲು ತೆರೆದುಕೊಂಡಿರುತ್ತದೆ. ದಿನವೂ ತಪ್ಪದೆ 6ಕ್ಕೇ ಹೋಗುವವನು ತಾನು ಒಂದೇ ತೀರವನ್ನು ನೋಡುತ್ತಿದ್ದೇನೆಂದು ತಿಳಿದಿರುತ್ತಾನೆ, ಆದರೆ ಹಕ್ಕಿಗಳ ಮಟ್ಟಿಗೆ ಅದು ಪ್ರತಿದಿನವೂ ಬೇರೆ ಜಾಗ. ಸೋಮವಾರ ಇನ್ನೂರು ಗೊರವಗಳಿದ್ದವು (ಕೆಸರಿನಲ್ಲಿ ಮೇಯುವ ತೀರದ ಹಕ್ಕಿಗಳು), ಮುಂದಿನ ಸೋಮವಾರ ಹನ್ನೆರಡೇ ಇದ್ದವು ಎಂಬ ಟಿಪ್ಪಣಿಯ ಪಕ್ಕದಲ್ಲಿ ನೀರಿನ ಸ್ಥಿತಿಯನ್ನು ಬರೆಯದಿದ್ದರೆ ಆ ಎರಡು ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಹಕ್ಕಿಗಳನ್ನು ಎಣಿಸುವುದು ಉದ್ದೇಶವಾಗಿದ್ದರೆ ಉಬ್ಬರದ ತುದಿಗೆ ಎರಡು ಗಂಟೆ ಮುಂಚೆ ಹೋಗಿ ಕೂರುವುದು ಒಳ್ಳೆಯದು. ಆಗ ಏರುವ ನೀರು ದೂರದ ಕೆಸರಿನಲ್ಲಿ ಚದುರಿ ಮೇಯುತ್ತಿದ್ದ ಹಕ್ಕಿಗಳನ್ನು ತಾನಾಗಿಯೇ ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ. ನಾವು ಅವುಗಳ ಹಿಂದೆ ನಡೆಯಬೇಕಾಗಿಲ್ಲ. ನೀರು ತುಂಬಿದ ಮೇಲೆ ಅವು ಮರಳದಿಬ್ಬದ ಮೇಲೋ ಬಂಡೆಯ ಮೇಲೋ ಒತ್ತಾಗಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ವಿಶ್ರಮಿಸುತ್ತವೆ. ಎಣಿಕೆಗೆ ಇದಕ್ಕಿಂತ ಅನುಕೂಲವಾದ ಹೊತ್ತು ಇಲ್ಲ, ಆದರೆ ಕೊಕ್ಕೇ ಕಾಣದ ಕಾರಣ ಗುರುತಿಸುವುದಕ್ಕೆ ಇದಕ್ಕಿಂತ ಕಷ್ಟವಾದ ಹೊತ್ತೂ ಇಲ್ಲ. ಯಾವ ಹಕ್ಕಿ ಹೇಗೆ ಮೇಯುತ್ತದೆ ಎಂಬುದನ್ನು ಕಲಿಯಲು ಇಳಿತ ಶುರುವಾದ ಮೊದಲ ಒಂದು ಗಂಟೆ ಬೇಕು. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ಅತಿ ಹೆಚ್ಚಾಗಿರುತ್ತವೆ. ಆ ದಿನಗಳಲ್ಲಿ ಮರಳದಂಡೆಯ ತುದಿಯಲ್ಲಿ ನಿಂತವರ ಬೆನ್ನ ಹಿಂದೆ ನೀರು ಸುತ್ತುವರಿಯುವುದುಂಟು. ಮರಳುವ ದಾರಿ ಯಾವುದು, ಅದು ಎಷ್ಟು ಹೊತ್ತಿಗೆ ಮುಳುಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಬೇಕು.

ನೋಡುವ ಜಾಗವನ್ನು ಚಿಕ್ಕದಾಗಿ ಆರಿಸಿಕೊಳ್ಳಿ. ಒಂದೂವರೆ ಅಥವಾ ಎರಡು ಕಿಲೋಮೀಟರ್ ಉದ್ದದ ತೀರ ಸಾಕು. ಅದರಲ್ಲಿ ಮರಳು, ಬಂಡೆ, ಅಳಿವೆ ಈ ಮೂರರಲ್ಲಿ ಎರಡಾದರೂ ಇದ್ದರೆ ವೈವಿಧ್ಯ ಹೆಚ್ಚುತ್ತದೆ. ದಾರಿಯಲ್ಲಿ ಮೂರು ಅಥವಾ ನಾಲ್ಕು ನಿಲುಗಡೆಗಳನ್ನು ಗೊತ್ತುಮಾಡಿಕೊಂಡು, ಪ್ರತಿದಿನವೂ ಅದೇ ಕ್ರಮದಲ್ಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ನಿಂತು ನೋಡಬೇಕು. ಸೂರ್ಯ ಬೆನ್ನಿಗಿರುವಂತೆ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಪೂರ್ವಕ್ಕೆ ಸಮುದ್ರವಿರುವ ತೀರದಲ್ಲಿ ಬೆಳಿಗ್ಗೆ ಇದು ಸಾಧ್ಯವಾಗದು. ಅಲ್ಲಿ ಸಂಜೆಯ ಹೊತ್ತೇ ಮೇಲು. ಪಶ್ಚಿಮಕ್ಕೆ ಸಮುದ್ರವಿದ್ದರೆ ಬೆಳಗಿನ ಬೆಳಕು ನೇರವಾಗಿ ಹಕ್ಕಿಗಳ ಮೈಮೇಲೆ ಬೀಳುತ್ತದೆ.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 8×42 ಅಳತೆಯ ದುರ್ಬೀನು ತೀರಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ 8 ಎಂಬುದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 42 ಎಂಬುದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಬಿಸಿಗಾಳಿಯು ದೂರದ ಹಕ್ಕಿಯನ್ನು ನೀರಿನಡಿಯಲ್ಲಿದ್ದಂತೆ ಕುಣಿಸುತ್ತದೆ. ಆಗ ಹೆಚ್ಚು ಹಿಗ್ಗಿಸುವ ದೂರದರ್ಶಕವನ್ನು ತಂದರೆ ಹಕ್ಕಿಯ ಜೊತೆಗೆ ಆ ಕುಣಿತವೂ ಹಿಗ್ಗುತ್ತದೆ, ಅಷ್ಟೆ. ಅದಕ್ಕೆ ಉಪಾಯವೆಂದರೆ ಬೇಗ ಹೋಗುವುದು, ಸ್ವಲ್ಪ ಎತ್ತರದ ಜಾಗದಿಂದ ನೋಡುವುದು, ಇಲ್ಲವೇ ಬಿಸಿ ಮರಳಿನ ಮೇಲಿಂದ ಹಾಯದೆ ನೀರಿನ ಮೇಲಿಂದ ಮಾತ್ರ ದೃಷ್ಟಿ ಸಾಗುವಂತೆ ನಿಲ್ಲುವುದು. ಮಸೂರದ ಮೇಲೆ ಕೂತ ಉಪ್ಪು ಮತ್ತು ಮರಳನ್ನು ಬಟ್ಟೆಯಿಂದ ಒಣದಾಗಿ ಉಜ್ಜಬಾರದು, ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಒದ್ದೆ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಬರೆಯಲು ಪೆನ್ಸಿಲ್ ಇರಲಿ, ತೇವವಾದ ಕಾಗದದ ಮೇಲೂ ಅದು ಬರೆಯುತ್ತದೆ.

ಹೊಸಬರು ಬಣ್ಣದಿಂದ ಗುರುತಿಸಲು ಹೊರಟು ಸೋಲುತ್ತಾರೆ. ತೀರದ ಹಕ್ಕಿಗಳಲ್ಲಿ ಬಹುಪಾಲು ಕಂದು, ಬೂದು ಮತ್ತು ಬಿಳಿಯ ಮಿಶ್ರಣವೇ ಆಗಿರುವುದರಿಂದ ನಡಿಗೆಯಿಂದ ಆರಂಭಿಸುವುದು ಸುಲಭ. ಪ್ಲವರ್‌ಗಳು ಎಂಬ ಗಿಡ್ಡ ಕೊಕ್ಕಿನ ತೀರದ ಹಕ್ಕಿಗಳು ಕಣ್ಣಿನಿಂದ ಬೇಟೆಯಾಡುತ್ತವೆ. ಹತ್ತು ಹೆಜ್ಜೆ ಓಡಿ, ತಟ್ಟನೆ ನಿಂತು, ಬಾಗಿ ಕುಕ್ಕಿ, ಮತ್ತೆ ಓಡುತ್ತವೆ. ಉದ್ದ ಕೊಕ್ಕಿನ ಗೊರವಗಳು ನಿಲ್ಲದೆ ನಡೆಯುತ್ತ, ಕೊಕ್ಕಿನ ತುದಿಯ ಸ್ಪರ್ಶದಿಂದ ಕೆಸರಿನೊಳಗಿನ ಹುಳುವನ್ನು ಹುಡುಕುತ್ತವೆ. ಹಿಂದೆ ಸರಿಯುವ ಅಲೆಯನ್ನು ಅಟ್ಟಿಸಿಕೊಂಡು ಹೋಗಿ, ಮುಂದಿನ ಅಲೆ ಬಂದೊಡನೆ ಗಡಿಬಿಡಿಯಿಂದ ಹಿಂದಕ್ಕೋಡುವ ಬಿಳಿಚು ಬಣ್ಣದ ಚಿಕ್ಕ ಹಕ್ಕಿಗಳ ಗುಂಪು ಕಂಡರೆ ಅವು ಸ್ಯಾಂಡರ್ಲಿಂಗ್‌ಗಳಾಗಿರುವ ಸಾಧ್ಯತೆಯೇ ಹೆಚ್ಚು. ಅವುಗಳ ಕಾಲಿಗೆ ಹಿಂಬೆರಳಿಲ್ಲ. ಬಂಡೆಗಳ ಸಂದಿಯಲ್ಲಿ ಕಲ್ಲು, ಚಿಪ್ಪು, ಪಾಚಿಗಳನ್ನು ಕೊಕ್ಕಿನಿಂದ ಮಗುಚಿ ಹಾಕುವುದು ಟರ್ನ್‌ಸ್ಟೋನ್, ಅದರ ಇಂಗ್ಲಿಷ್ ಹೆಸರೇ ಅದರ ಕಸುಬನ್ನು ಹೇಳುತ್ತದೆ.

ನೀರಿನ ಮೇಲೆ ಹಾರುವ ಬಿಳಿ ಹಕ್ಕಿಗಳಲ್ಲಿ ರೀವ (ಟರ್ನ್) ಯಾವುದು, ಗಲ್ (ಕಡಲಕ್ಕಿ) ಯಾವುದು ಎಂಬ ಗೊಂದಲ ಬಹಳ ದಿನ ಕಾಡುತ್ತದೆ. ರೀವವು ತೆಳ್ಳನೆಯ ರೆಕ್ಕೆಗಳನ್ನು ಬಡಿಯುತ್ತ, ಕೊಕ್ಕನ್ನು ಕೆಳಮುಖವಾಗಿಟ್ಟುಕೊಂಡು ನೀರನ್ನು ಶೋಧಿಸುತ್ತದೆ, ಮೀನು ಕಂಡೊಡನೆ ತಲೆ ಕೆಳಗಾಗಿ ಧುಮುಕುತ್ತದೆ. ಗಲ್‌ನ ಮೈ ದಪ್ಪ, ನೋಟ ನೇರ ಮುಂದಕ್ಕೆ, ಊಟದ ವಿಷಯದಲ್ಲಿ ಅದಕ್ಕೆ ಮುಜುಗರವಿಲ್ಲ. ಬೇಸಿಗೆಯಲ್ಲಿ ಗಲ್‌ಗಳನ್ನು ಜಾತಿವಾರು ಬಿಡಿಸುವ ಹಟಕ್ಕೆ ಮೊದಲ ವರ್ಷವೇ ಬೀಳಬೇಡಿ ಎಂದು ನಾನು ಹೇಳುತ್ತೇನೆ. ದೊಡ್ಡ ಗಲ್‌ಗಳು ಪ್ರೌಢ ಹಕ್ಕಿಯ ಗರಿ ತಳೆಯಲು ನಾಲ್ಕು ವರ್ಷದಷ್ಟು ಕಾಲ ಬೇಕು. ಅದರ ಮೇಲೆ ಒಂದು ವರ್ಷ ತೊಟ್ಟ ಗರಿಗಳು ಬಿಸಿಲಿಗೆ ಬಿಳಿಚಿ, ಅಂಚು ಸವೆದು, ಪುಸ್ತಕದ ಯಾವ ಚಿತ್ರಕ್ಕೂ ಹೊಂದದಂತೆ ಆಗಿರುತ್ತವೆ. 'ಗಲ್, ಎಳೆಯದು, 14' ಎಂದು ಬರೆಯುವುದು ಪ್ರಾಮಾಣಿಕವಾದ ದಾಖಲೆ. ಮೀನು ಡೇಗೆ ಎಂಬ ಬೇಟೆಹಕ್ಕಿಯಲ್ಲಿ ಇಂಥ ತೊಡಕಿಲ್ಲ: ಅದು ಕಾಲು ಮುಂದೆ ಮಾಡಿ ನೀರಿಗೆ ಬೀಳುತ್ತದೆ, ಹಿಡಿದ ಮೀನನ್ನು ತಲೆ ಮುಂದಾಗುವಂತೆ ತಿರುಗಿಸಿಕೊಂಡು ಒಯ್ಯುತ್ತದೆ.

ಬೇಸಿಗೆಯಲ್ಲಿ ತೀರ ಖಾಲಿ, ಚಳಿಗಾಲಕ್ಕೆ ಬನ್ನಿ ಎಂಬ ಮಾತನ್ನು ಬೆಚ್ಚನೆಯ ನಾಡುಗಳ ಹಕ್ಕಿಪ್ರಿಯರಲ್ಲಿ ಆಗಾಗ ಕೇಳುತ್ತೇವೆ. ಅದರಲ್ಲಿ ಅರ್ಧ ಸತ್ಯವಿದೆ. ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಬಹುಪಾಲು ಗೊರವಗಳು ಮರಿ ಮಾಡಲು ಆರ್ಕ್‌ಟಿಕ್ ಮತ್ತು ಅದರ ಸುತ್ತಣ ಪ್ರದೇಶಗಳಿಗೆ ಹೋಗಿರುತ್ತವೆ. ಆದರೆ ಹಿಂದಿನ ವರ್ಷವಷ್ಟೇ ಹುಟ್ಟಿದ, ಇನ್ನೂ ಪ್ರಾಯಕ್ಕೆ ಬಾರದ ಹಕ್ಕಿಗಳಲ್ಲಿ ಅನೇಕವು ಹೋಗದೆ ಚಳಿಗಾಲದ ತಾಣದಲ್ಲೇ ಉಳಿದುಬಿಡುತ್ತವೆ. ಅವು ಎಷ್ಟು ಉಳಿದವು, ಎಲ್ಲಿ ಮೇಯುತ್ತವೆ ಎಂಬುದನ್ನು ಬೇಸಿಗೆಯಲ್ಲಿ ತೀರಕ್ಕೆ ಹೋದವರು ಮಾತ್ರ ಹೇಳಬಲ್ಲರು. ಇನ್ನೊಂದು ಕಡೆ, ಜೂನ್ ಕೊನೆ ಅಥವಾ ಜುಲೈ ವೇಳೆಗೇ ಮರಿ ಮಾಡಿ ಮುಗಿಸಿದ ಅಥವಾ ಗೂಡು ಕೈತಪ್ಪಿದ ಪ್ರೌಢ ಹಕ್ಕಿಗಳು ದಕ್ಷಿಣಕ್ಕೆ ಹೊರಟಿರುತ್ತವೆ. ಹೊಟ್ಟೆ, ಎದೆಗಳಲ್ಲಿ ಮಾಸಿದ ಕೆಂಪು ಅಥವಾ ಕಪ್ಪು ಬಣ್ಣ ಉಳಿದಿರುವುದರಿಂದ ಅವುಗಳನ್ನು ಗುರುತಿಸಬಹುದು. ಆ ವರ್ಷದ ಮರಿಗಳು ಕೆಲವು ವಾರಗಳ ನಂತರ, ಅನೇಕ ಜಾತಿಗಳಲ್ಲಿ ತಂದೆತಾಯಿಯರ ಜೊತೆಯಿಲ್ಲದೆ, ಅಚ್ಚುಕಟ್ಟಾದ ಹೊಸ ಗರಿಗಳೊಂದಿಗೆ ಬರುತ್ತವೆ. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ವಯಸ್ಸಿನ, ಗೊರವದ ಬಗೆಯ ಬಾರ್-ಟೇಲ್ಡ್ ಗಾಡ್‌ವಿಟ್ ಒಂದು ಅಲಾಸ್ಕದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿದ್ದು ಉಪಗ್ರಹ ಸಾಧನದಿಂದ ದಾಖಲಾಯಿತು. ದಕ್ಷಿಣ ಗೋಳಾರ್ಧದವರ ಬೇಸಿಗೆಯೇ ಬೇರೆ: ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇದೇ ಹಕ್ಕಿಗಳು ಅವರ ಕೆಸರುಬಯಲುಗಳಲ್ಲಿ ತುಂಬಿರುತ್ತವೆ.

ಬೇಸಿಗೆಯ ಇನ್ನೊಂದು ಸಂಗತಿ ಗೂಡು, ಇದರಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ಕೆಂಟಿಷ್ ಪ್ಲವರ್‌ನಂಥ ಚಿಕ್ಕ ಹಕ್ಕಿಗಳು ಉಬ್ಬರದ ಗೆರೆಗಿಂತ ಮೇಲೆ, ಒಣ ಮರಳಿನಲ್ಲಿ ಅಂಗೈಯಷ್ಟು ಗುಳಿ ಮಾಡಿ, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತವೆ. ಮರಳಿನ ಬಣ್ಣದ ಮೇಲೆ ಕಪ್ಪು ಗೀಚುಗಳಿರುವ ಆ ಮೊಟ್ಟೆಗಳು ಎರಡು ಹೆಜ್ಜೆ ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ನನ್ನ ಮುಂದೆ ಹೀಗೊಂದು ಹಕ್ಕಿ ರೆಕ್ಕೆ ಮುರಿದಂತೆ ಎಳೆಯುತ್ತ, ಒಂದು ಮಗ್ಗುಲಿಗೆ ವಾಲಿ ತೆವಳತೊಡಗಿತು. ಪಾಪ, ಗಾಯವಾಗಿದೆ ಎಂದುಕೊಂಡು ನಾನು ಅದರ ಹಿಂದೆಯೇ ನಡೆದೆ. ಐವತ್ತು ಹೆಜ್ಜೆ ಸಾಗಿದ ಮೇಲೆ ಅದು ಏನೂ ಆಗದಂತೆ ಹಾರಿ ಹೋಯಿತು. ಆಮೇಲೆ ಅಲ್ಲೇ ಕೂತು ಫೋಟೊ ತೆಗೆಯಲು ಕಾದೆ. ಹಕ್ಕಿ ನನ್ನನ್ನು ಗೂಡಿನಿಂದ ದೂರ ಕರೆದೊಯ್ಯಲು ಆಡಿದ ನಾಟಕ ಅದು ಎಂಬುದು ತಿಳಿಯುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಸುಡುವ ಮರಳಿನಲ್ಲಿ ತೆರೆದುಬಿದ್ದ ಮೊಟ್ಟೆಗೆ ಇಪ್ಪತ್ತು ನಿಮಿಷವೆಂಬುದು ಸಣ್ಣ ಕಾಲವಲ್ಲ.

ಈ ಹಕ್ಕಿಗಳು ನಡುಹಗಲಿನಲ್ಲಿ ಮಾಡುವ ಕೆಲಸವನ್ನು ಕಾವು ಕೊಡುವುದು ಎನ್ನುವುದಕ್ಕಿಂತ ನೆರಳು ಕೊಡುವುದು ಎನ್ನುವುದೇ ಸರಿ. ಆ ಘಟನೆಯ ನಂತರ ದೂರದ ದಿಬ್ಬದಿಂದ ದುರ್ಬೀನಿನಲ್ಲಿ ನಾನು ನೋಡಿದ್ದು ಹೀಗಿತ್ತು: ಹೆಣ್ಣು ಮೊಟ್ಟೆಗಳ ಮೇಲೆ ಕೂರದೆ, ಬಾಯಿ ತೆರೆದು ಏದುಸಿರು ಬಿಡುತ್ತ, ಅವುಗಳ ಮೇಲೆ ನೆರಳು ಬೀಳುವಂತೆ ನಿಂತಿತ್ತು. ಗಂಡು ನೀರಂಚಿಗೆ ಓಡಿ, ಹೊಟ್ಟೆಯ ಗರಿ ನೆನೆಯುವಂತೆ ಕುಳಿತೆದ್ದು ಮರಳಿ ಬಂದು ಪಾಳಿ ವಹಿಸಿಕೊಂಡಿತು. ಒದ್ದೆ ಹೊಟ್ಟೆಯನ್ನು ಮೊಟ್ಟೆಗಳಿಗೆ ತಾಗಿಸಿ ಕೂತಾಗ ಸುತ್ತಣ ಮರಳು ಅಷ್ಟಗಲ ಕಪ್ಪಾಗಿ ಕಂಡಿತು. ಆದುದರಿಂದ ಬೇಸಿಗೆಯಲ್ಲಿ ನೀರಂಚಿನ ಒದ್ದೆ ಮರಳಿನ ಮೇಲೇ ನಡೆಯಿರಿ. ಹಕ್ಕಿ ರೆಕ್ಕೆ ಎಳೆದರೆ, ರೀವಗಳು ತಲೆಯ ಮೇಲೆ ಕಿರಿಚುತ್ತ ಎರಗಿದರೆ, ಅಲ್ಲೇ ನಿಂತು ಕಾಲ ಕೆಳಗೆ ನೋಡಿಕೊಂಡು, ಬಂದ ಹೆಜ್ಜೆಗುರುತಿನಲ್ಲೇ ಹಿಂದೆ ಸರಿಯಿರಿ. ಜೊತೆಯಲ್ಲಿ ನಾಯಿ ಬೇಡ. ಒಂಟಿಯಾಗಿ ಕೂತ ಮರಿಯನ್ನು ಎತ್ತಿಕೊಳ್ಳಬೇಡಿ, ಅದರ ತಾಯಿ ನೀವು ಹೋಗುವುದನ್ನೇ ಕಾಯುತ್ತಿರುತ್ತದೆ.

ಹಕ್ಕಿಗಳಾಚೆಗೂ ತೀರ ಕೊಡುವುದು ಬಹಳವಿದೆ, ಅದನ್ನು ಓದಲು ಜನ ಓಡಾಡುವುದಕ್ಕೆ ಮುಂಚಿನ ಮರಳು ಸಿಗಬೇಕು. ಕಡಲಾಮೆ ರಾತ್ರಿ ಬಂದು ಹೋದ ತೀರದಲ್ಲಿ ಟ್ರ್ಯಾಕ್ಟರಿನ ಚಕ್ರ ಉರುಳಿದಂಥ ಅಗಲವಾದ ಜಾಡು ಬೆಳಿಗ್ಗೆ ಉಳಿದಿರುತ್ತದೆ. ಎಡ-ಬಲ ಕಾಲಿನ ಗುರುತುಗಳು ಜೋಡಿಯಾಗಿ ಎದುರುಬದುರು ಬಿದ್ದಿದ್ದರೆ ಅದು ಹಸಿರು ಕಡಲಾಮೆ ಅಥವಾ ಲೆದರ್‌ಬ್ಯಾಕ್. ಒಂದರ ನಂತರ ಒಂದು ಹಿಂದುಮುಂದಾಗಿ ಬಿದ್ದಿದ್ದರೆ ಆಲಿವ್ ರಿಡ್ಲಿ, ಲಾಗರ್‌ಹೆಡ್ ಅಥವಾ ಹಾಕ್ಸ್‌ಬಿಲ್. ಗೂಡನ್ನು ಅಗೆದು ನೋಡಬಾರದು. ಜಾಗವನ್ನು ಅರಣ್ಯ ಇಲಾಖೆಗೋ ಆಮೆ ಸಂರಕ್ಷಣೆಯಲ್ಲಿ ತೊಡಗಿದವರಿಗೋ ತಿಳಿಸಿದರೆ ಸಾಕು. ಮರಿಗಳು ಹೆಚ್ಚಾಗಿ ಮರಳು ತಂಪಾದ ರಾತ್ರಿ ಹೊತ್ತಿನಲ್ಲಿ ಮೇಲೆ ಬಂದು, ಬೆಳಕಿರುವ ದಿಕ್ಕೇ ಸಮುದ್ರವೆಂದು ತಿಳಿದು ನಡೆಯುತ್ತವೆ, ಆದ್ದರಿಂದ ಅಲ್ಲಿ ಟಾರ್ಚ್ ಬೆಳಗುವುದು ಅವುಗಳನ್ನು ದಾರಿ ತಪ್ಪಿಸಿದಂತೆಯೇ. ಡಾಲ್ಫಿನ್ ನೋಡಬೇಕೆನ್ನುವವರು ನೀರನ್ನು ದಿಟ್ಟಿಸುವುದಕ್ಕಿಂತ ರೀವಗಳ ಗುಂಪನ್ನು ಗಮನಿಸುವುದು ಜಾಣತನ: ಹಕ್ಕಿಗಳು ಒಂದೇ ಕಡೆ ಮೇಲಿಂದ ಮೇಲೆ ಧುಮುಕುತ್ತಿದ್ದರೆ ಕೆಳಗಿನಿಂದ ಯಾರೋ ಮೀನಿನ ಹಿಂಡನ್ನು ಮೇಲಕ್ಕೆ ಅಟ್ಟುತ್ತಿರಬಹುದು.

ಸತ್ತ ಅಥವಾ ತೂಕಡಿಸುತ್ತ ಬಿದ್ದಿರುವ ಕಡಲಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. 2021ರಿಂದೀಚೆಗೆ ಎಚ್5ಎನ್1 ಹಕ್ಕಿಜ್ವರ ಜಗತ್ತಿನ ಹಲವು ತೀರಗಳಲ್ಲಿ ಕಡಲಹಕ್ಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದಿದೆ. ದೂರದಿಂದ ಫೋಟೊ ತೆಗೆದು, ಎಷ್ಟಿವೆ ಎಂದು ಎಣಿಸಿ, ಪಶುವೈದ್ಯ ಅಥವಾ ವನ್ಯಜೀವಿ ಅಧಿಕಾರಿಗಳಿಗೆ ತಿಳಿಸಬೇಕು. ಕಾಲಿನಲ್ಲಿ ಬಣ್ಣದ ಪಟ್ಟಿ ಅಥವಾ ಉಂಗುರವಿರುವ ಹಕ್ಕಿ ಕಂಡರೆ ಬಣ್ಣ, ಅಕ್ಷರ, ಯಾವ ಕಾಲು, ಮೊಣಕಾಲಿನಂತೆ ಕಾಣುವ ಗಂಟಿನ ಮೇಲೋ ಕೆಳಗೋ ಎಂಬುದನ್ನು ಆ ಕ್ಷಣವೇ ಬರೆದುಕೊಳ್ಳಿ. ಎಡ-ಬಲ ಎಂಬುದು ಹಕ್ಕಿಯ ಎಡ-ಬಲ, ನೋಡುವವರದಲ್ಲ. ಎದುರಿಗೆ ನಿಂತ ಹಕ್ಕಿಯಲ್ಲಿ ಇದನ್ನು ಅದಲುಬದಲು ಮಾಡದವರು ಕಡಿಮೆ.

ದಿನಚರಿಯ ಪುಟದ ತಲೆಯಲ್ಲಿ ದಿನಾಂಕ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ನೀರಿನ ಸ್ಥಿತಿ, ಗಾಳಿ, ನಡೆದ ದೂರ ಇವಿಷ್ಟೂ ಇರಬೇಕು. ದೊಡ್ಡ ಗುಂಪನ್ನು ಎಣಿಸಲು ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಕಣ್ಣಿನಲ್ಲಿ ಎಷ್ಟು ಜಾಗ ತುಂಬುತ್ತವೆ ಎಂಬುದನ್ನು ಗ್ರಹಿಸಿ, ಆ ಅಳತೆಯಿಂದಲೇ ಇಡೀ ಗುಂಪನ್ನು ಅಳೆಯಬೇಕು. ಅಂದಾಜು ಎಷ್ಟೇ ಒರಟಾಗಿರಲಿ, 'ಬಹಳ' ಎಂಬ ಪದಕ್ಕಿಂತ '300' ಉಪಯುಕ್ತ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ನ್ಯಾಷನಲ್ ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ, ಹಕ್ಕಿ ನೋಡುವವರು ತಮ್ಮ ದಾಖಲೆ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿಯನ್ನು ಸೇರಿಸುವಾಗ, ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ದಾಖಲಿಸಿದ್ದೀರಾ ಎಂದು ಅದು ಕೇಳುತ್ತದೆ. ಕಾಗೆಯನ್ನೂ ಬಿಡದೆ ಬರೆದು ಹೌದು ಎಂದು ಉತ್ತರಿಸಿದ ಪಟ್ಟಿಗೆ ಬೆಲೆ ಹೆಚ್ಚು, ಏಕೆಂದರೆ ಆಗ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ. ಗೂಡಿನ ನಿಖರ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ. ಫೋನಿನಲ್ಲಿ ತೆಗೆದ ಚಿತ್ರದೊಳಗೇ ಅಕ್ಷಾಂಶ-ರೇಖಾಂಶ ಅಡಗಿರುತ್ತದೆ, ಹಂಚುವ ಮುನ್ನ ಅದನ್ನು ತೆಗೆದುಹಾಕಿ.

ಒಂದೂ ಹಕ್ಕಿ ಕಾಣದ ದಿನವೂ ಪುಟವನ್ನು ತೆರೆದು, ತಲೆಬರಹದ ವಿವರಗಳನ್ನೆಲ್ಲ ತುಂಬಿ, ಕೆಳಗೆ ಸೊನ್ನೆ ಬರೆಯಿರಿ. ಆಮೇಲೆ ಉಬ್ಬರದ ಪಟ್ಟಿಯನ್ನು ನೋಡಿ, ನಾಳೆ ಹೊರಡಬೇಕಾದ ಹೊತ್ತನ್ನು ಅದರ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.