ಕಾಟನ್‌ಪೇಟೆಯ ಗೋಡೆಗೆ ಸೌಹಾರ್ದದ ಚಿತ್ರ ಬರೆದ ನನ್ನ ಅನುಭವ

ಬೀದಿಯ ಗೋಡೆಗೆ ಶಾಂತಿಯ ಚಿತ್ರ ಬರೆದುಕೊಡಿ ಎಂದು ಯಾರಾದರೂ ಕರೆದಾಗ, ಆ ಬೀದಿಯ ಜನ ಈಗಾಗಲೇ ಯಾವ ಸಂದರ್ಭದಲ್ಲಿ ಒಟ್ಟಿಗೆ ಸೇರುತ್ತಾರೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬಿಳಿ ಪಾರಿವಾಳವನ್ನೋ ಭೂಗೋಳದ ಸುತ್ತ ಕೈಹಿಡಿದು ನಿಂತ ಮಕ್ಕಳನ್ನೋ ಯಾವ ಊರಿನ ಗೋಡೆಗಾದರೂ ಬರೆಯಬಹುದು. ಆದ ಕಾರಣಕ್ಕೇ ಅವು ಯಾವ ಬೀದಿಯವರಿಗೂ ತಮ್ಮವು ಎನಿಸುವುದಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಮೇಲೆ ಟ್ಯೂಷನ್ ಜಾಹೀರಾತೋ ಬಾಡಿಗೆ ಮನೆಯ ಚೀಟಿಯೋ ಅಂಟಿರುತ್ತದೆ, ಕಿತ್ತುಹಾಕಲು ಯಾರೂ ಮುಂದಾಗುವುದಿಲ್ಲ.

ನಾನು ಮೂಲತಃ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ನಮ್ಮ ಕಸುಬಿನವರಿಗೆಲ್ಲ ಕೈಯಲ್ಲಿ ಕೆಲಸವಿಲ್ಲದಂತಾಗಿದ್ದ ಕಾಲದಲ್ಲಿ, 2009ರ ಸುಮಾರಿಗೆ, ಬೆಂಗಳೂರು ಮಹಾನಗರ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಆಗ ಊರಿನ ಗೋಡೆಗಳಲ್ಲಿ ನಾಡಿನ ಸ್ಮಾರಕಗಳೂ ಕಾಡುಪ್ರಾಣಿಗಳೂ ಸಾಲುಗಟ್ಟಿದವು. ಅವು ಕಣ್ಣಿಗೆ ತಂಪಾಗಿದ್ದವೇ ಹೊರತು ನೋಡುವವರನ್ನು ಏನನ್ನೂ ಕೇಳುತ್ತಿರಲಿಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯೊಂದನ್ನು ತಂದಿಟ್ಟಾಗ ಆ ಗುಂಡಿ ಬೇಗನೆ ಮುಚ್ಚಿತು. ಮರುವರ್ಷ ಇದೇ ಊರಿನಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೇ ಕುಂಚ ಹಿಡಿದು, ತಮ್ಮನ್ನು ದೂರವಿಟ್ಟ ಬೀದಿಗಳ ಗೋಡೆಗಳಲ್ಲಿಯೇ ತಮ್ಮ ಮುಖಗಳನ್ನು ಬರೆದರು. ಮೊಸಳೆಯ ಪ್ರಶ್ನೆ ಅಧಿಕಾರಿಗಳಿಗೆ, ಈ ಮುಖಗಳ ಪ್ರಶ್ನೆ ನೆರೆಹೊರೆಯವರಿಗೆ. ಸೌಹಾರ್ದದ ಗೋಡೆಯೂ ಎರಡನೆಯ ಬಗೆಯದು ಎಂದು ನಾನು ನಂಬಿದ್ದೇನೆ. ಅದರ ಕೆಲಸ ಹೆಚ್ಚು ಕಷ್ಟದ್ದು, ಏಕೆಂದರೆ ಅಲ್ಲಿ ಮುಚ್ಚಿಸಿಬಿಡಬಹುದಾದ ಗುಂಡಿಯೇ ಇರುವುದಿಲ್ಲ.

ಕಾಟನ್‌ಪೇಟೆಯಲ್ಲಿ ಗೋದಾಮೊಂದರ ಗೋಡೆ ಸಿಕ್ಕಾಗ ವಿಷಯಕ್ಕಾಗಿ ತಡಕಾಡಬೇಕಾಗಲಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಬೆಂಗಳೂರು ಕರಗವು, ಅಂದರೆ ಹೂವಿನಿಂದ ಅಲಂಕರಿಸಿ ತಲೆಯ ಮೇಲೆ ಹೊತ್ತ ಕರಗದ ಮೆರವಣಿಗೆಯು, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಟ್ಟೇ ಮುಂದೆ ಸಾಗುತ್ತದೆ. ತಲೆತಲಾಂತರದಿಂದ ನಡೆದುಬಂದಿರುವ ಈ ಭೇಟಿಗೆ ಯಾರ ಭಾಷಣದ ಬೆಂಬಲವೂ ಬೇಕಾಗಿಲ್ಲ. ಅದನ್ನು ವರ್ಷದ ಉಳಿದ ದಿನಗಳಲ್ಲಿಯೂ ಕಣ್ಣೆದುರಿಗೆ ನಿಲ್ಲಿಸುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ಕಾಗದಪತ್ರದ ಕೆಲಸ ಚಿಕ್ಕದಾದರೂ ಬಿಡುವಂತಿಲ್ಲ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಚಿತ್ರಕ್ಕೂ ಪೋಸ್ಟರಿಗೂ ಭೇದ ಮಾಡುವುದಿಲ್ಲವಾದ್ದರಿಂದ ಮಾಲೀಕರ ಒಪ್ಪಿಗೆಯನ್ನೂ ಪಾಲಿಕೆಯ ಅನುಮತಿಯನ್ನೂ ಬರಹದಲ್ಲಿ ಪಡೆದ ಮೇಲೆಯೇ ಏಣಿ ಹಾಕಬೇಕು.

ಹೆಚ್ಚು ಸಮಯ ಹಿಡಿದದ್ದು ಓಣಿಯವರೊಂದಿಗಿನ ಮಾತುಕತೆಗೆ. ಗೋಡೆಯ ಬುಡದಲ್ಲಿ ಮೂತ್ರ ಮಾಡುವುದನ್ನು ತಪ್ಪಿಸಲು ಎಲ್ಲ ಧರ್ಮಗಳ ದೇವರ ಚಿತ್ರಗಳನ್ನೂ ಸಾಲಾಗಿ ಬರೆಯಿರಿ ಎಂಬ ಬೇಡಿಕೆ ಎಲ್ಲ ಕಡೆಯಂತೆ ಅಲ್ಲಿಯೂ ಬಂತು. ನಾನು ಒಪ್ಪಲಿಲ್ಲ, ದೇವರನ್ನು ಕಾವಲಿಗೆ ನಿಲ್ಲಿಸಿದ ಗೋಡೆಯಲ್ಲಿ ಭಯವಿರುತ್ತದೆ, ಸೌಹಾರ್ದವಿರುವುದಿಲ್ಲ. ಹೂ ಕಟ್ಟುವ ಅಜ್ಜಿಯೊಬ್ಬರು ಬೇರೆಯೇ ಕಾಳಜಿ ತೋರಿದರು: "ಕರಗಾನ ಕಾಲ್ ತಾಕೋ ಮಟ್ಟಕ್ಕೆ ಬರೀಬೇಡ ಮಗಾ, ಮೇಲಕ್ಕಿರಲಿ." ಆ ಮಾತಿನಂತೆ ಕೆಳಗಿನ ಮೂರು ಅಡಿಯನ್ನು ಗಾಢ ಕಂದು ಪಟ್ಟಿಯಾಗಿ ಖಾಲಿ ಬಿಟ್ಟೆ. ರಾಡಿ ಸಿಡಿದರೂ ಎಲೆಅಡಿಕೆ ಉಗಿದರೂ ಆ ಪಟ್ಟಿಯೊಂದಕ್ಕೆ ಬಣ್ಣ ಬಳಿದರೆ ಸಾಕು.

ಎಲ್ಲಕ್ಕಿಂತ ದೀರ್ಘವಾದ ಚರ್ಚೆ ನಡೆದದ್ದು ಕತ್ತಿಗಳ ಬಗ್ಗೆ. ಕರಗದ ಕಾವಲಿನವರಾದ ವೀರಕುಮಾರರು ಕತ್ತಿ ಹಿಡಿದೇ ಅದರ ಜೊತೆ ಸಾಗುತ್ತಾರೆ. ಅದು ಸಂಪ್ರದಾಯದ ಜೀವಾಳ. ಆದರೆ ದರ್ಗಾದ ಬಾಗಿಲಿನ ಮುಂದೆ ಹಿರಿದ ಕತ್ತಿಗಳು ಎಂಬಷ್ಟನ್ನೇ ಯಾರಾದರೂ ಮೊಬೈಲಿನಲ್ಲಿ ಕತ್ತರಿಸಿ ಹಂಚಿದರೆ ಗತಿಯೇನು ಎಂಬುದು ನನ್ನ ಅಂಜಿಕೆಯಾಗಿತ್ತು. "ಕತ್ತಿ ತೆಗೀಬೇಡಿ ಅಣ್ಣಾ, ಚಿಕ್ಕಂದಿನಿಂದ ನೋಡ್ಕೊಂಡು ಬಂದಿದೀವಿ, ಅದಿಲ್ಲದೆ ಕರಗ ಹೆಂಗಾಗುತ್ತೆ?" ಎಂದವರು ಎದುರಿನ ಗುಜರಿ ಅಂಗಡಿಯ ಭಾಯ್. ಅವರ ಮಾತು ನ್ಯಾಯವಾದದ್ದು. ಕತ್ತಿಗಳನ್ನು ಉಳಿಸಿಕೊಂಡು ಚಿತ್ರದ ಜೋಡಣೆಯನ್ನು ಬದಲಿಸಿದೆ: ಇಬ್ಬರು ವೀರಕುಮಾರರ ನಡುವೆ ದರ್ಗಾದವರೊಬ್ಬರು, ಅವರ ಹೆಗಲಿಗೆ ತಾಗಿದಂತೆ ಹೂವಿನ ಬುಟ್ಟಿ ಹೊತ್ತ ಹೆಂಗಸು, ಅವಳ ಪಕ್ಕದಲ್ಲಿ ಟೋಪಿ ಹಾಕಿದ ಹುಡುಗ, ಹೀಗೆ ಎಲ್ಲರೂ ಒಂದೇ ಸಾಲಿನಲ್ಲಿ ಕರಗದ ಕಡೆಗೇ ಮುಖ ಮಾಡಿ ನಿಲ್ಲುವಂತೆ ಬರೆದೆ. ಆ ಗೋಡೆಯ ಯಾವ ಭಾಗದ ಫೋಟೋ ತೆಗೆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಿಗುವುದಿಲ್ಲ. ಇಂಥ ವಿಷಯ ಕೈಗೆತ್ತಿಕೊಳ್ಳುವ ಕಲಾವಿದರು ಕರಡಿನ ಮೇಲೆ ಕಾಗದದ ಚೌಕಟ್ಟೊಂದನ್ನು ಸರಿಸುತ್ತಾ ಹೋಗಿ ಇದನ್ನು ಪರೀಕ್ಷಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗೋಡೆಯ ತಯಾರಿಯಲ್ಲಿ ಅವಸರ ಕೂಡದು. ಹಳೆಯ ಸುಣ್ಣವನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಉಪ್ಪೆದ್ದ ಜಾಗಗಳಲ್ಲಿ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಪತ್ತೆಹಚ್ಚಿ ಸರಿಪಡಿಸದಿದ್ದರೆ, ಎಷ್ಟೇ ದುಬಾರಿ ಬಣ್ಣವಾದರೂ ಹಪ್ಪಳದಂತೆ ಎದ್ದು ಬರುತ್ತದೆ. ಬಿರುಕುಗಳಿಗೆ ಪುಟ್ಟಿ ಮೆತ್ತಿ, ಹೊರಗೋಡೆಯ ಪ್ರೈಮರ್ ಬಳಿದು, ಒಣಗಿದ ಮೇಲೆ ಬಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಮಿಡಿದು ಚೌಕಗಳನ್ನು ಹೊಡೆದುಕೊಂಡರೆ ಕಾಗದದ ಒಂದು ಅಂಗುಲವನ್ನು ಗೋಡೆಯ ಒಂದು ಅಡಿಗೆ ಹಿಗ್ಗಿಸುವುದು ಸಲೀಸು. ಹೊರಗೋಡೆಯ ಎಮಲ್ಷನ್ (ನೀರಿನಲ್ಲಿ ಬೆರೆಯುವ ಬಣ್ಣ) ಎರಡು ಸಲ ಬಳಿದರೆ ಲೀಟರಿಗೆ ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಯೇ ಒಳ್ಳೆಯದು.

ಮಲ್ಲಿಗೆಯನ್ನು ಬರೆಯುವುದು ನನಗೆ ಅತ್ಯಂತ ಪ್ರೀತಿಯ ಭಾಗವಾಗಿತ್ತು. ಕರಗವೆಂದರೆ ಮಲ್ಲಿಗೆಯ ರಾಶಿ. ಅಷ್ಟನ್ನೂ ಬಿಳಿಯಲ್ಲೇ ಬಳಿದರೆ ದೂರದಿಂದ ಸುಣ್ಣದ ಮುದ್ದೆಯಾಗಿ ಕಾಣುತ್ತದೆ. ಕಡುನೀಲಿಯ ರಾತ್ರಿಯ ಮೇಲೆ ಮೊದಲು ಬೂದುಹಸಿರು, ಅದರ ಮೇಲೆ ಹಳದಿ ಬೆರೆಸಿದ ಕೆನೆಬಣ್ಣ, ಕೊನೆಗೆ ಬೆಳಕು ಬೀಳುವ ಮೊಗ್ಗುಗಳ ತುದಿಗೆ ಮಾತ್ರ ಅಚ್ಚ ಬಿಳಿ ಇಟ್ಟೆವು. ಆ ಕೊನೆಯ ಬಿಳಿಯನ್ನು ಓಣಿಯ ಮಕ್ಕಳಿಗೆ ಬಿಟ್ಟುಕೊಟ್ಟೆ. ಯಾರ ಮನೆಯ ಮಗು ಯಾವ ಮೊಗ್ಗು ಇಟ್ಟಿತು ಎಂಬುದು ಈಗ ಆ ಮನೆಗಳವರಿಗೆಲ್ಲ ಗೊತ್ತು, ಅವರು ಬಂದ ನೆಂಟರಿಗೂ ತೋರಿಸುತ್ತಾರೆ.

ಗೋಡೆಯಲ್ಲಿ ಎಲ್ಲಿಯೂ ಘೋಷಣೆ ಬರೆಯಲಿಲ್ಲ. ಉಳಿದ ಬಣ್ಣದ ಡಬ್ಬಿಗಳಿಗೆ ಯಾವ ಸ್ಟೈನರ್ (ಬಣ್ಣ ಕೊಡಲು ಬೆರೆಸುವ ಗಾಢ ದ್ರವ) ಎಷ್ಟು ಹಾಕಿದೆ ಎಂಬ ಚೀಟಿ ಅಂಟಿಸಿ ಗುಜರಿ ಅಂಗಡಿಯಲ್ಲಿ ಇರಿಸಿದ್ದೇನೆ. ಮಳೆಗಾಲದಲ್ಲಿ ಕೆಳಗಿನ ಪಟ್ಟಿ ಕೊಳೆಯಾದಾಗ ಭಾಯ್ ಮತ್ತು ಪಕ್ಕದ ಮನೆಯ ಹುಡುಗರು ಅದಕ್ಕೆ ಬಣ್ಣ ಬಳಿಯುತ್ತಾರೆ. ಮೇಲಿನ ಚಿತ್ರಕ್ಕೆ ಏನಾದರೂ ಆದರೆ ಮಾತ್ರ ನನಗೆ ಫೋನ್ ಮಾಡುತ್ತಾರೆ.